ಹಲಸಿನಿಂದ ಹೊಸ ತಿನಿಸು: ಮೊದಲು ದಾಸ್ತಾನು, ಆಮೇಲೆ ಪ್ಯಾಕೆಟ್

ಮೇ ತಿಂಗಳಲ್ಲಿ ಪುತ್ತೂರು, ಶಿರಸಿ, ತೀರ್ಥಹಳ್ಳಿ ಕಡೆ ಹಲಸಿನ ಮರದ ಬುಡದಲ್ಲೇ ಹಣ್ಣು ಬಿದ್ದು ಕೊಳೆಯುತ್ತಿರುತ್ತದೆ. ಇದರಲ್ಲಿ ಏನಾದರೂ ಮಾಡಬೇಕಲ್ಲ ಎಂದು ಅನ್ನಿಸದವರು ಕಡಿಮೆ. ಅನ್ನಿಸಿದವರಲ್ಲಿ ಹೆಚ್ಚಿನವರು ನೇರವಾಗಿ ಚಿಪ್ಸ್‌ಗೆ ಕೈ ಹಾಕುತ್ತಾರೆ. ಒಂದು ಬಾಣಲೆ, ಒಂದಿಷ್ಟು ಪ್ಯಾಕೆಟ್, ಚೆಂದದ ಹೆಸರು, ಪೇಟೆಯ ನಾಲ್ಕು ಅಂಗಡಿಗೆ ಸಪ್ಲೈ. ಜೂನ್ ಮುಗಿಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಕಾಯಿಯೂ ಮುಗಿದಿರುತ್ತದೆ. ಅಂಗಡಿಯವರು ಇನ್ನೂರು ಪ್ಯಾಕೆಟ್ ಕೇಳಿದಾಗ ಕೊಡಲು ಮಾಲು ಇರುವುದಿಲ್ಲ. ಮುಂದಿನ ಸಲ ಹೋದರೆ ಆ ಜಾಗದಲ್ಲಿ ಬಾಳೆಕಾಯಿ ಚಿಪ್ಸ್ ಕೂತಿರುತ್ತದೆ.

ಹಾಗಾಗಿ ಇಲ್ಲಿ ಹೇಳುವ ದಾರಿ ಸ್ವಲ್ಪ ಉಲ್ಟಾ. ಹಲಸಿನ ಕಾಲದಲ್ಲಿ ತಿಂಡಿ ಮಾಡಲು ಹೋಗಬೇಡಿ, ದಾಸ್ತಾನು ಮಾಡಿ. ಒಣಗಿಸಿದ ಕಾಯಿಸೊಳೆ (ಹಣ್ಣಾಗದ ಕಾಯಿಯ ತೊಳೆ), ಉಪ್ಪಿನಲ್ಲಿಟ್ಟ ಸೊಳೆ, ಹಣ್ಣಿನ ತಿರುಳು, ಬೇಳೆಯ (ಹಲಸಿನ ಬೀಜದ) ಹಿಟ್ಟು. ಈ ನಾಲ್ಕು ಕೈಯಲ್ಲಿದ್ದರೆ ಉಳಿದ ಒಂಬತ್ತು ತಿಂಗಳು ನಿಮಗೆ ಬೇಕಾದ ತಿಂಡಿ, ಬೇಕಾದ ಹೊತ್ತಿಗೆ, ಬೇಕಾದಷ್ಟು ಮಾಡಬಹುದು. ನಮ್ಮ ಅಜ್ಜಿಯಂದಿರು ಅಟ್ಟದ ಮೇಲೆ ಭರಣಿ ಇಟ್ಟು ಮಾಡುತ್ತಿದ್ದದ್ದು ಇದನ್ನೇ ಅಲ್ವಾ?

ಮರ ಗುರುತು ಮಾಡುವುದು

ಕೆಲಸ ಶುರುವಾಗುವುದು ಅಡುಗೆಮನೆಯಲ್ಲಲ್ಲ, ತೋಟದಲ್ಲಿ. ಹಲಸು ಬಹುಪಾಲು ಬೀಜದಿಂದ ಹುಟ್ಟಿದ ಮರ. ಒಂದು ಮರದ ಹಣ್ಣು ಇನ್ನೊಂದರ ಹಾಗಿರುವುದಿಲ್ಲ. ಒಂದೇ ತೋಟದ ಎರಡು ಮರದ ಕಾಯಿಯಿಂದ ಮಾಡಿದ ಹಪ್ಪಳ ಬೇರೆ ಬೇರೆ ರುಚಿ, ಬೇರೆ ಬೇರೆ ಬಣ್ಣ ಬರುತ್ತದೆ. ಮನೆಗೆ ಇದು ತೊಂದರೆಯಲ್ಲ. ಕೊಂಡವರು ಎರಡನೇ ಸಲ ಕೊಳ್ಳಬೇಕಾದರೆ ಮಾತ್ರ ಮೊದಲ ಸಲದ ರುಚಿಯೇ ಸಿಗಬೇಕು.

ಜನವರಿ, ಫೆಬ್ರುವರಿಯಲ್ಲಿ ಮಿಡಿ ಬಿಡುವಾಗಲೇ ಸುತ್ತಲಿನ ಮರಗಳನ್ನು ಪಟ್ಟಿ ಮಾಡಿ, ಮರಕ್ಕೆ ನಂಬರ್ ಬರೆಯಿರಿ. ಬಕ್ಕೆಯೋ, ಅಂಬಲಿಯೋ ಎಂದು ಮನೆಯವರನ್ನು ಕೇಳಿ. ಬಕ್ಕೆಯ ಸೊಳೆ ಗಟ್ಟಿ, ಕಚ್ಚಿದರೆ ಕರುಕ್ ಎನ್ನುತ್ತದೆ. ಚಿಪ್ಸ್‌ಗೆ, ಒಣಗಿಸಲು, ಹಾಗೇ ತಿನ್ನಲು ಇದು. ಅಂಬಲಿ ಹಲಸನ್ನು ಕರಾವಳಿಯಲ್ಲಿ ತುಳುವ ಎನ್ನುತ್ತಾರೆ. ಅದರ ಸೊಳೆ ಮೆತ್ತಗೆ, ನಾರು ಜಾಸ್ತಿ, ರಸವೂ ಜಾಸ್ತಿ. ಪೇಟೆಯಲ್ಲಿ ಇದನ್ನು ಯಾರೂ ಮೂಸುವುದಿಲ್ಲ. ಆದರೆ ತಿರುಳು ತೆಗೆಯಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಡಿಮೆ ಬೆಲೆಗೆ, ಎಷ್ಟೋ ಸಲ ಪುಕ್ಕಟೆಯಾಗಿ ಸಿಗುವುದೂ ಇದೇ.

ಸೊಳೆಯ ಬಣ್ಣವನ್ನೂ ಬರೆದಿಟ್ಟುಕೊಳ್ಳಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಕೆಂಪು ಸೊಳೆಯ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ಆ ತಳಿ 'ಸಿದ್ದು' ಎಂಬ ಹೆಸರಿನಲ್ಲಿ ಈಗ ರಾಜ್ಯದಲ್ಲೆಲ್ಲ ಪರಿಚಿತ. ಅಂಥ ಕೆಂಪು ಸೊಳೆಯ ತಿರುಳಿಗೆ ಬಣ್ಣ ಸೇರಿಸುವ ಗೊಡವೆಯೇ ಇಲ್ಲ. ನಿಮ್ಮ ಊರಲ್ಲೂ ಹಾಗೊಂದು ಮರ ಇರಬಹುದು. ಹುಡುಕಿ, ಕಸಿ ಕಟ್ಟಿಸಿಡಿ.

ಲೆಕ್ಕ ಮೊದಲು

ಹತ್ತು ಕೆ.ಜಿ.ಯ ಕಾಯಿ ಕೊಯ್ದರೆ ಸೊಳೆ ಸಿಗುವುದು ಸುಮಾರು ಮೂರು ಕೆ.ಜಿ. ಬೇಳೆ ಒಂದು ಕೆ.ಜಿ. ಆಸುಪಾಸು. ಉಳಿದದ್ದೆಲ್ಲ ಮುಳ್ಳುಸಿಪ್ಪೆ, ಸಾರೆ (ಸೊಳೆಯ ಸುತ್ತಲಿನ ನಾರು), ನಡುವಿನ ಗೂಂಜು. ಆ ಮೂರು ಕೆ.ಜಿ. ಸೊಳೆಯನ್ನು ಒಣಗಿಸಿದರೆ ಮುಕ್ಕಾಲು ಕೆ.ಜಿ. ಕೂಡ ಬರುವುದಿಲ್ಲ. ನಾಲ್ಕೈದು ಕೆ.ಜಿ. ಹಸಿ ಸೊಳೆಗೆ ಒಂದು ಕೆ.ಜಿ. ಒಣಸೊಳೆ ಎಂದು ಇಟ್ಟುಕೊಳ್ಳಿ. ಅಂದರೆ ಒಂದು ಕೆ.ಜಿ. ಹಿಟ್ಟಿಗೆ ಸುಮಾರು ಹದಿನೈದು ಕೆ.ಜಿ. ಕಾಯಿ ಬೇಕು.

ಇಲ್ಲಿ ದುಬಾರಿ ಕಾಯಿಯಲ್ಲ, ಕೈಕೆಲಸ. ಹಲಸು ಪುಕ್ಕಟೆ ಸಿಕ್ಕರೂ ಬಿಡಿಸುವವರ ಕೂಲಿ ಪುಕ್ಕಟೆಯಲ್ಲ. ಒಂದು ದಿನ ನಾಲ್ಕು ಜನರನ್ನು ಕೂರಿಸಿ, ಕಾಯಿ ಕೊಯ್ಯುವುದರಿಂದ ಸೊಳೆ ಹೆಚ್ಚುವವರೆಗೆ ಎಷ್ಟು ಹೊತ್ತು, ಎಷ್ಟು ಕೆ.ಜಿ. ಎಂದು ತೂಕ ಮಾಡಿ ಬರೆಯಿರಿ. ಆ ಒಂದು ಹಾಳೆ ಇಲ್ಲದೆ ಬೆಲೆ ಕಟ್ಟಿದವರು, ಮಾರಿದಷ್ಟೂ ಕೈಯಿಂದ ಹಾಕುತ್ತಿರುತ್ತಾರೆ. ಬೇಳೆಯನ್ನು ಎಸೆದರೆ ಲೆಕ್ಕ ಇನ್ನೂ ಕೆಡುತ್ತದೆ. ಹಾಗಾಗಿಯೇ ಹಲಸಿನ ಕೆಲಸದಲ್ಲಿ ಬೇಳೆಗೂ ಒಂದು ದಾರಿ ಮೊದಲೇ ಯೋಚಿಸಿರಬೇಕು. ಸಿಪ್ಪೆ, ಸಾರೆ ದನಕ್ಕೆ ಹಾಕಿ. ಬಹಳ ಇಷ್ಟಪಟ್ಟು ತಿನ್ನುತ್ತವೆ. ಆದರೆ ಒಮ್ಮೆಲೇ ರಾಶಿ ಸುರಿಯಬೇಡಿ, ಹೊಟ್ಟೆ ಕೆಡುತ್ತದೆ.

ಮೊದಲ ದಾಸ್ತಾನು: ಒಣಗಿಸಿದ ಕಾಯಿಸೊಳೆ

ನನ್ನನ್ನು ಕೇಳಿದರೆ ಹೊಸಬರು ಶುರು ಮಾಡಬೇಕಾದದ್ದು ಇದರಿಂದಲೇ. ಎಣ್ಣೆ ಬೇಡ, ಸಕ್ಕರೆ ಬೇಡ, ಫ್ರೀಜರ್ ಬೇಡ. ಚೆನ್ನಾಗಿ ಒಣಗಿಸಿ ಗಾಳಿಯಾಡದ ಹಾಗೆ ಇಟ್ಟರೆ ಮುಂದಿನ ಹಲಸಿನ ಕಾಲದವರೆಗೂ ಬರುತ್ತದೆ.

ಕಾಯಿ ಪೂರ್ತಿ ಬೆಳೆದಿರಬೇಕು, ಹಣ್ಣಾಗಲು ಶುರುವಾಗಿರಬಾರದು. ಮುಳ್ಳುಗಳ ನಡುವೆ ಅಂತರ ಬಿಟ್ಟು, ತುದಿ ಮೊಂಡಾಗಿರುತ್ತದೆ. ಕೈಯಿಂದ ಬಡಿದರೆ ಕಾಯಿಯ ಗಟ್ಟಿ ಸದ್ದು ಹೋಗಿ ಸ್ವಲ್ಪ ಪೊಳ್ಳು ಸದ್ದು ಬರುತ್ತದೆ. ಆದರೂ ಕೊನೆಯ ಪರೀಕ್ಷೆ ನಾಲಗೆಯದೇ. ಸೊಳೆ ಕಚ್ಚಿ ನೋಡಿ. ಸಿಹಿ ಬಂದಿದ್ದರೆ ಅದನ್ನು ತಿರುಳಿನ ಕಡೆಗೆ ತಳ್ಳಿ. ಸಕ್ಕರೆ ಬಂದ ಸೊಳೆ ಒಣಗಿಸುವಾಗ ಅಂಟುತ್ತದೆ, ಹುರಿದರೆ ಕಪ್ಪಾಗುತ್ತದೆ.

ಕೊಯ್ದ ಕಾಯಿಯ ತೊಟ್ಟು ಕತ್ತರಿಸಿ, ತೊಟ್ಟು ಕೆಳಗಾಗಿ ಒಂದೆರಡು ಗಂಟೆ ಇಡಿ. ಮೇಣ ಬಹಳಷ್ಟು ಇಳಿದುಹೋಗುತ್ತದೆ. ಕತ್ತಿಗೂ ಕೈಗೂ ತೆಂಗಿನೆಣ್ಣೆ. ಕೆಲವರು ಮೇಣ ತೆಗೆಯಲು ಸೀಮೆಎಣ್ಣೆ ಬಳಸುತ್ತಾರೆ. ಮಾರುವ ಆಹಾರದ ಹತ್ತಿರ ಅದು ಸುಳಿಯಲೂಬಾರದು.

ಸೊಳೆಯನ್ನು ಬೇಳೆಯಿಂದ ಬಿಡಿಸಿ, ಉದ್ದಕ್ಕೆ ಒಂದೇ ಅಳತೆಗೆ ಹೆಚ್ಚಿ. ದಪ್ಪ, ತೆಳು ಬೆರೆತರೆ ತೆಳುವಿದ್ದದ್ದು ಕರಟುತ್ತದೆ, ದಪ್ಪ ಇದ್ದದ್ದು ಒಳಗೆ ಹಸಿಯಾಗೇ ಉಳಿದು ಬೂಸ್ಟು ಹಿಡಿಯುತ್ತದೆ. ಹೆಚ್ಚಿದ್ದನ್ನು ಕುದಿಯುವ ನೀರಿಗೆ ಹಾಕಿ ಎರಡು-ಮೂರು ನಿಮಿಷ ಬಿಟ್ಟು ತೆಗೆಯಿರಿ. ನೀರಿಗೆ ಒಂದಿಷ್ಟು ಉಪ್ಪು, ಚಿಟಿಕೆ ಅರಿಶಿನ, ಒಂದು ಲೀಟರ್‌ಗೆ ಎರಡು ಗ್ರಾಂ ಸಿಟ್ರಿಕ್ ಆಮ್ಲ ಇರಲಿ. ಇದನ್ನು ಬಿಟ್ಟು ಹಾಗೇ ಒಣಗಿಸಿದರೂ ಒಣಗುತ್ತದೆ. ಆದರೆ ಸೊಳೆಯಲ್ಲಿರುವ ಕಿಣ್ವಗಳು ಸಾಯದೆ ಉಳಿದು, ತಿಂಗಳು ಕಳೆದಂತೆ ಬಣ್ಣ ಕಂದುತ್ತದೆ, ಹುಲ್ಲಿನ ವಾಸನೆ ಬರುತ್ತದೆ. ಎರಡು ನಿಮಿಷದ ಬಿಸಿನೀರು ಆ ಕಿಣ್ವಗಳನ್ನು ಕೊಲ್ಲುತ್ತದೆ. ತೆಗೆದ ತಕ್ಷಣ ತಣ್ಣೀರಿಗೆ ಹಾಕಿ, ನೀರು ಬಸಿದು, ಟ್ರೇ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ.

ಡ್ರೈಯರ್‌ನಲ್ಲಾದರೆ 60 ಡಿಗ್ರಿ ಸೆಲ್ಸಿಯಸ್. ಎಂಟರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ಬೇಗ ಆಗಲಿ ಎಂದು ಮೊದಲೇ 80ಕ್ಕೆ ಏರಿಸಿದರೆ ಹೊರಗೆ ಗಟ್ಟಿ ಪದರ ಕಟ್ಟಿ ಒಳಗಿನ ನೀರು ಸಿಕ್ಕಿಬೀಳುತ್ತದೆ. ಒಣಗಿದ್ದು ಸಾಕೋ ಎಂದು ನೋಡಲು ಒಂದು ತುಂಡು ತಣ್ಣಗಾಗಲು ಬಿಟ್ಟು ಮುರಿಯಿರಿ. ಪಟ್ ಎಂದು ಮುರಿಯಬೇಕು. ಬಾಗಿದರೆ ಇನ್ನೂ ಬೇಕು. ಬಿಸಿ ಇರುವಾಗ ಮುರಿದು ನೋಡಿದರೆ ಮೋಸ ಹೋಗುತ್ತೀರಿ, ಬಿಸಿಯಲ್ಲಿ ಎಲ್ಲವೂ ಬಾಗುತ್ತದೆ.

ಡ್ರೈಯರ್ ಇಲ್ಲವೇ? ಮಲೆನಾಡಿನಲ್ಲೂ ಕರಾವಳಿಯಲ್ಲೂ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಸೋಲಾರ್ ಗೂಡುಗಳು ಬೇಕಾದಷ್ಟಿವೆ. ಅಡಿಕೆಯ ಭರಾಟೆ ಮುಗಿದು ಏಪ್ರಿಲ್, ಮೇನಲ್ಲಿ ಬಹಳಷ್ಟು ಗೂಡುಗಳು ಖಾಲಿ ಇರುತ್ತವೆ. ಎರಡು ತಿಂಗಳಿಗೆ ಬಾಡಿಗೆಗೆ ಕೇಳಿ ನೋಡಿ. ಒಂದೇ ಎಚ್ಚರಿಕೆ, ಸೊಳೆಯನ್ನು ಆ ನೆಲದ ಮೇಲೆ ಹರಡಬೇಡಿ. ಅಡಿಕೆಯ ಧೂಳು, ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಂಶ ಎಲ್ಲ ಅಲ್ಲಿರುತ್ತದೆ. ತೊಳೆದು ಒರೆಸಿ, ನಿಮ್ಮದೇ ಟ್ರೇ, ನಿಮ್ಮದೇ ಸ್ಟ್ಯಾಂಡ್ ಇಟ್ಟು, ನೆಲದಿಂದ ಎರಡು ಅಡಿ ಮೇಲೆ ಒಣಗಿಸಿ.

ಒಣಗಿದ್ದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಸೀಲ್ ಮಾಡಿ, ಆ ಚೀಲವನ್ನು ಮುಚ್ಚಳದ ಡ್ರಮ್‌ನಲ್ಲಿಡಿ. ಚೀಲದ ಮೇಲೆ ಮರದ ನಂಬರ್, ತಾರೀಕು. ಪೂರ್ತಿ ಹಿಟ್ಟು ಮಾಡಿಡಬೇಡಿ. ತುಂಡಾಗಿದ್ದರೆ ಹೆಚ್ಚು ದಿನ ಬಾಳುತ್ತದೆ. ಬೇಕಾದಾಗ ಬೀಸಿಕೊಳ್ಳಿ.

ಇದರಿಂದ ಏನು ಮಾಡಬಹುದು? ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಪಲ್ಯ, ಸುಕ್ಕ, ಬಿರಿಯಾನಿಗೆ ಸೊಳೆ ತಯಾರು. ಬೆಂಗಳೂರಿನ ಗ್ರಾಹಕರಿಗೆ ನವೆಂಬರ್‌ನಲ್ಲಿ ಹಲಸಿನ ಪಲ್ಯ ಸಿಕ್ಕಿದರೆ ಅವರು ಬೆಲೆ ಕೇಳುವ ಮೊದಲು ಪ್ಯಾಕೆಟ್ ತೆಗೆದುಕೊಳ್ಳುತ್ತಾರೆ. ಜೊತೆಗೆ ಒಂದು ಚಿಕ್ಕ ಪೊಟ್ಟಣದಲ್ಲಿ ಸುಕ್ಕದ ಮಸಾಲೆ ಇಟ್ಟರೆ ಅದೇ ಹೊಸ ಉತ್ಪನ್ನ. ಹಿಟ್ಟು ಮಾಡಿದರೆ ಚಪಾತಿ, ದೋಸೆ, ಚಕ್ಕುಲಿಗೆ ಬೆರೆಸಬಹುದು. ಅಂಟು ಇಲ್ಲದ ಹಿಟ್ಟಾದ್ದರಿಂದ ಚಪಾತಿಗೆ ಹತ್ತರಲ್ಲಿ ಒಂದು-ಎರಡು ಪಾಲು ಸಾಕು. ಜಾಸ್ತಿ ಹಾಕಿದರೆ ಲಟ್ಟಿಸುವಾಗ ಹರಿಯುತ್ತದೆ.

ಎರಡನೆಯದು: ಉಪ್ಪುಸೊಳೆ

ಕರೆಂಟ್ ಇಲ್ಲದ, ಬಿಸಿಲಿಲ್ಲದ ದಿನದ ದಾಸ್ತಾನು ಇದು. ಮೇ ಕೊನೆಯಲ್ಲಿ ಒಮ್ಮೆಲೇ ಮೋಡ ಕವಿದರೆ, ಬಿಡಿಸಿಟ್ಟ ಸೊಳೆಯನ್ನು ಎಸೆಯಬೇಕಾಗಿಲ್ಲ. ಬೆಳೆದ ಕಾಯಿಯ ಸೊಳೆಯನ್ನು ಒಣಗಿದ ಭರಣಿ ಅಥವಾ ಆಹಾರ ದರ್ಜೆಯ ಡ್ರಮ್‌ನಲ್ಲಿ ಪದರ ಪದರವಾಗಿ ಉಪ್ಪು ಹಾಕಿ ತುಂಬಿ. ನಾಲ್ಕರಿಂದ ಐದು ಕೆ.ಜಿ. ಸೊಳೆಗೆ ಒಂದು ಕೆ.ಜಿ. ಕಲ್ಲುಪ್ಪು. ಮೇಲೆ ಶುಭ್ರವಾದ ತಟ್ಟೆ, ಅದರ ಮೇಲೆ ಭಾರ. ಮರುದಿನಕ್ಕೆ ಸೊಳೆ ನೀರು ಬಿಟ್ಟು ಅದರಲ್ಲೇ ಮುಳುಗಬೇಕು. ಮುಳುಗದಿದ್ದರೆ ಕುದಿಸಿ ಆರಿಸಿದ ಗಟ್ಟಿ ಉಪ್ಪುನೀರು ಹಾಕಿ. ನೀರಿನಿಂದ ಮೇಲೆ ಎದ್ದು ನಿಂತ ಸೊಳೆಯೇ ಮೊದಲು ಹಾಳಾಗುವುದು.

ಬಳಸುವ ಮುನ್ನ ತೊಳೆದು, ನೀರು ಬದಲಿಸುತ್ತ ಕೆಲವು ಗಂಟೆ ನೆನೆಸಿದರೆ ಉಪ್ಪು ಇಳಿಯುತ್ತದೆ. ಪಲ್ಯ, ರೊಟ್ಟಿ, ಉಂಡ್ಲಕಾಳು (ಸೊಳೆ ರುಬ್ಬಿ ಚಿಕ್ಕ ಉಂಡೆ ಮಾಡಿ ಕರಿದದ್ದು) ಎಲ್ಲ ಆಗುತ್ತದೆ. ಮಾರಾಟದ ದೃಷ್ಟಿಯಿಂದ ಉಪ್ಪುಸೊಳೆಯನ್ನು ಹಾಗೇ ಮಾರುವುದಕ್ಕಿಂತ ಉಂಡ್ಲಕಾಳು ಕರಿದು ಪ್ಯಾಕ್ ಮಾಡುವುದು ಲೇಸು. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಕರಾವಳಿ ಮೂಲದವರಿಗೆ ಅದು ಏನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗೆ ಒಂದು ಕಾಳು ಬಾಯಿಗೆ ಹಾಕಿದರೆ ಸಾಕು.

ಹಪ್ಪಳದ ಮಾತು

ಹಪ್ಪಳ ದಾಸ್ತಾನೂ ಹೌದು, ತಿಂಡಿಯೂ ಹೌದು. ಬೆಳೆದ ಕಾಯಿಯ ಸೊಳೆಯನ್ನು ನೀರು ಮುಟ್ಟಿಸದೆ ಹಬೆಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಬೇಯಿಸಿ, ಬಿಸಿ ಇರುವಾಗಲೇ ರುಬ್ಬಿ. ಆರಿದ ಮೇಲೆ ರುಬ್ಬಿದರೆ ತರಿ ಉಳಿಯುತ್ತದೆ, ಒತ್ತುವಾಗ ಅಂಚು ಒಡೆಯುತ್ತದೆ. ಉಪ್ಪು ಕೆ.ಜಿ.ಗೆ ಹದಿನೈದು ಗ್ರಾಂ ದಾಟಬಾರದು. ಹಿಟ್ಟಿನಲ್ಲಿ ಸಪ್ಪೆ ಅನ್ನಿಸಿದರೂ ಒಣಗಿದ ಮೇಲೆ ತೂಕ ಕಾಲು ಭಾಗಕ್ಕೆ ಇಳಿಯುತ್ತದೆ, ಉಪ್ಪು ಅಷ್ಟೇ ಇರುತ್ತದೆ. ಮೆಣಸು, ಜೀರಿಗೆ, ಎಳ್ಳು ನಿಮ್ಮ ಮನೆಯ ರೂಢಿ. ನಿಂಬೆಗಾತ್ರದ ಉಂಡೆ, ಎಣ್ಣೆ ಸವರಿದ ಎರಡು ಹಾಳೆಯ ನಡುವೆ ಒತ್ತು, ಎರಡು ಒಳ್ಳೆಯ ಬಿಸಿಲು. ಬಲೆ ಮುಚ್ಚದೆ ಅಂಗಳದಲ್ಲಿ ಒಣಗಿಸಿದ್ದನ್ನು ಮನೆಯಲ್ಲಿ ತಿನ್ನಿ, ಮಾರಬೇಡಿ.

ಹೊಸದೇನಾದರೂ ಮಾಡಬೇಕೆಂದರೆ ಆಕಾರ ಬದಲಿಸಿ. ರೂಪಾಯಿ ನಾಣ್ಯದಷ್ಟು ಚಿಕ್ಕ ಹಪ್ಪಳ ಒತ್ತಿ ಒಣಗಿಸಿ, ಕರಿದು, ಮೆಣಸಿನಪುಡಿ ಉದುರಿಸಿ ಪ್ಯಾಕ್ ಮಾಡಿದರೆ ಅದು ಬಸ್‌ಸ್ಟ್ಯಾಂಡಿನ ತಿಂಡಿಯಾಗುತ್ತದೆ. ದೊಡ್ಡ ಹಪ್ಪಳವನ್ನು ಮನೆಗೆ ಒಯ್ದು ಕರಿಯಬೇಕು. ಪೇಟೆಯಲ್ಲಿ ಒಬ್ಬರೇ ಇರುವವರು ಒಂದು ಹಪ್ಪಳಕ್ಕೆ ಬಾಣಲೆ ಇಡುವುದಿಲ್ಲ.

ಮೂರನೆಯದು: ಹಣ್ಣಿನ ತಿರುಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹಲಸಿನ ಕೆಲಸದಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ ಮಾತ್ರ.

ಹಲಸಿನ ಹಣ್ಣು ಹುಳಿ ಹಣ್ಣಲ್ಲ. ಅದರ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) ಸಾಮಾನ್ಯವಾಗಿ 5ರ ಆಚೀಚೆ. ಆಹಾರ ವಿಜ್ಞಾನದಲ್ಲಿ 4.6 ಎಂಬುದು ಗಡಿ. ಅದಕ್ಕಿಂತ ಮೇಲಿದ್ದು, ಗಾಳಿಯಿಲ್ಲದ ಬಾಟಲಿಯಲ್ಲಿ ಮುಚ್ಚಿಟ್ಟರೆ ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ರೋಗಾಣು ಬೆಳೆಯಬಹುದು. ಅದರ ಬೀಜಕಣಗಳು ಸುಮ್ನೆ ನೀರಲ್ಲಿ ಕುದಿಸಿದರೆ ಸಾಯುವುದಿಲ್ಲ. ವಾಸನೆಯೂ ಬರದೆ, ಬಣ್ಣವೂ ಬದಲಾಗದೆ ವಿಷವಾಗಬಹುದು. ಹಾಗಾಗಿ 'ತಿರುಳು ಕುದಿಸಿ ಬಾಟಲಿಗೆ ತುಂಬಿ ಮುಚ್ಚಳ ಹಾಕಿದರೆ ವರ್ಷ ಇರುತ್ತದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾವು, ಅನಾನಸಿಗೆ ನಡೆಯುವುದು ಹಲಸಿಗೆ ನಡೆಯುವುದಿಲ್ಲ.

ತಿರುಳು ಇಡಲು ಮೂರು ದಾರಿಗಳಿವೆ.

ಒಂದು, ಫ್ರೀಜರ್. ಮೈನಸ್ 18 ಡಿಗ್ರಿಯಲ್ಲಿ ಒಂದೊಂದು ಕೆ.ಜಿ.ಯ ಚಪ್ಪಟೆ ಪೊಟ್ಟಣ ಮಾಡಿ ಇಡಿ. ರುಚಿ, ಪರಿಮಳ ಚೆನ್ನಾಗಿ ಉಳಿಯುವುದು ಇದರಲ್ಲೇ. ಐಸ್‌ಕ್ರೀಮ್ ಮಾಡುವವರಿಗೆ ಮಾರುವುದಾದರೆ ಇದೇ ದಾರಿ. ಆದರೆ ಹಳ್ಳಿಯಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಫ್ರೀಜರ್ ತುಂಬುವುದು ಧೈರ್ಯದ ಕೆಲಸ. ಪೇಟೆಯ ಶೀತಲ ಗೋದಾಮಿನಲ್ಲಿ ಜಾಗ ಬಾಡಿಗೆಗೆ ಸಿಕ್ಕರೆ ಒಳ್ಳೆಯದು.

ಎರಡು, ಹುಳಿ ಸೇರಿಸಿ ಬಾಟಲಿ. ಜರಡಿ ಹಿಡಿದ ತಿರುಳಿಗೆ ಕೆ.ಜಿ.ಗೆ ಐದು ಗ್ರಾಂ ಸಿಟ್ರಿಕ್ ಆಮ್ಲದಿಂದ ಶುರು ಮಾಡಿ, ಪಿಎಚ್ ಮೀಟರ್‌ನಲ್ಲಿ ನೋಡಿ, 4.2ರ ಕೆಳಗೆ ಇಳಿಸಿ. ಬಣ್ಣ ನೋಡುವ ಕಾಗದದ ಪಟ್ಟಿ ಸಾಲದು, ಮೀಟರ್ ಬೇಕು, ಅದನ್ನು ಆಗಾಗ ಬಫರ್ ದ್ರಾವಣದಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಮಾಡಿಕೊಳ್ಳಲೂ ಬೇಕು. 90 ಡಿಗ್ರಿಗೆ ಬಿಸಿ ಮಾಡಿ, ಬಿಸಿ ಬಾಟಲಿಗೆ ಬಿಸಿ ಇರುವಾಗಲೇ ತುಂಬಿ, ಮುಚ್ಚಿ, ಅರ್ಧ ಲೀಟರ್ ಬಾಟಲಿಯಾದರೆ ಕುದಿಯುವ ನೀರಿನಲ್ಲಿ ಮೂವತ್ತು ನಿಮಿಷ ಇಡಿ. ಮಾರುವ ಮುನ್ನ ಮೊದಲ ಬ್ಯಾಚನ್ನು ಲ್ಯಾಬಿಗೆ ಕಳಿಸಿ. ಇದರಲ್ಲಿ ರಾಜಿ ಬೇಡ.

ಮೂರು, ಬೆರಟಿ. ನಮ್ಮವರು ಲ್ಯಾಬ್ ಇಲ್ಲದ ಕಾಲದಲ್ಲಿ ಕಂಡುಕೊಂಡ ಉಪಾಯ. ನೀರು ಬತ್ತಿಸಿ, ಬೆಲ್ಲ ತುಂಬಿಸಿದರೆ ರೋಗಾಣುವಿಗೆ ಕುಡಿಯಲು ನೀರೇ ಸಿಗುವುದಿಲ್ಲ. ದಪ್ಪ ತಳದ ಉರುಳಿಯಲ್ಲಿ ತಿರುಳೊಂದನ್ನೇ ಹಾಕಿ, ಮೊದಲು ನೀರು ಇಂಗುವವರೆಗೆ ಕೈಯಾಡಿಸಿ. ಬೆಲ್ಲ ಆಮೇಲೆ. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ, ಬಣ್ಣ ಕಪ್ಪಾಗುತ್ತದೆ. ಒಂದು ಕೆ.ಜಿ. ತಿರುಳಿಗೆ ನಾನೂರರಿಂದ ಐನೂರು ಗ್ರಾಂ ಬೆಲ್ಲ, ಕೊನೆಗೆ ಎರಡು ಚಮಚ ತುಪ್ಪ. ಉರುಳಿ ಬಿಟ್ಟು ಎದ್ದು ಬಂದು, ನೀರಿಗೆ ಹಾಕಿದರೆ ಉಂಡೆ ಕರಗದೆ ನಿಲ್ಲಬೇಕು. ರಿಫ್ರಾಕ್ಟೋಮೀಟರ್ (ಸಕ್ಕರೆ ಅಂಶವನ್ನು ಬ್ರಿಕ್ಸ್ ಲೆಕ್ಕದಲ್ಲಿ ಅಳೆಯುವ ಉಪಕರಣ) ಇದ್ದರೆ 75 ಬ್ರಿಕ್ಸ್ ಸಮೀಪ ಇರಲಿ. ಆ ಉಪಕರಣ ದುಬಾರಿಯಲ್ಲ, ಕೊಳ್ಳುವಾಗ 58ರಿಂದ 90ರವರೆಗೆ ಅಳೆಯುವಂಥದ್ದನ್ನೇ ಕೇಳಿ. ಒದ್ದೆ ಸೌಟು ಮಾತ್ರ ಒಳಗೆ ಹೋಗಬಾರದು.

ಬೆರಟಿಯನ್ನು ಡಬ್ಬದಲ್ಲಿ ಮಾರಿದರೆ ಹಳಬರು ಕೊಳ್ಳುತ್ತಾರೆ. ಹೊಸ ಗ್ರಾಹಕರಿಗೆ ಅದನ್ನು ಏನು ಮಾಡಬೇಕೆಂದು ಗೊತ್ತಿಲ್ಲ. ಅವರಿಗೆ ಅದನ್ನು ಹೂರಣ ಮಾಡಿಕೊಡಿ. ಹಲಸಿನ ಹೋಳಿಗೆ ಬೇಸಿಗೆಯಲ್ಲಿ ಮಾತ್ರ ಏಕೆ? ದೀಪಾವಳಿಗೂ ಆಗುತ್ತದೆ. ಬೆರಟಿಗೆ ತೆಂಗಿನತುರಿ, ಏಲಕ್ಕಿ ಸೇರಿಸಿ ಗಟ್ಟಿ ಮಾಡಿ ಬರ್ಫಿ ಕತ್ತರಿಸಬಹುದು. ಚಾಕೊಲೇಟ್ ಒಳಗೆ ತುಂಬಬಹುದು. ಬೇಕರಿಯವರಿಗೆ ಬನ್ನಿನ ಹೂರಣವಾಗಿ ಹತ್ತು ಕೆ.ಜಿ. ಬಕೆಟ್‌ನಲ್ಲಿ ಕೊಡಬಹುದು. ಈ ಕೊನೆಯದು ನನಗೆ ಬಹಳ ಇಷ್ಟವಾದ ದಾರಿ. ನೂರು ಗ್ರಾಹಕರ ಬದಲು ನಾಲ್ಕು ಬೇಕರಿ, ಚಿಕ್ಕ ಪ್ಯಾಕೆಟ್‌ನ ತಲೆನೋವಿಲ್ಲ.

ಮಾಂಬಳವೂ (ತಿರುಳನ್ನು ಹಾಳೆಯಂತೆ ಒಣಗಿಸಿದ್ದು) ಸುಲಭ. ತಿರುಳಿಗೆ ಹತ್ತನೇ ಒಂದು ಪಾಲು ಸಕ್ಕರೆ, ಕೆ.ಜಿ.ಗೆ ಮೂರ್ನಾಲ್ಕು ಗ್ರಾಂ ಸಿಟ್ರಿಕ್ ಆಮ್ಲ ಹಾಕಿ, ಬಿಸಿ ಮಾಡಿ, ಎಣ್ಣೆ ಸವರಿದ ಟ್ರೇ ಮೇಲೆ ತೆಳ್ಳಗೆ ಸುರಿದು 60 ಡಿಗ್ರಿಯಲ್ಲಿ ಒಣಗಿಸಿ. ಮೇಲೆ ಮತ್ತೊಂದು ಪದರ. ಕೈಗೆ ಅಂಟದೆ, ಮಡಚಿದರೆ ಒಡೆಯದೆ ಇದ್ದರೆ ಹದ. ಮುರುಗಲು (ಕೋಕಂ) ರಸ ಸೇರಿಸಿದರೆ ಸಿಟ್ರಿಕ್ ಆಮ್ಲವೂ ಬೇಡ, ಬಣ್ಣವೂ ಬರುತ್ತದೆ, ಮಕ್ಕಳು ಬಿಡುವುದಿಲ್ಲ.

ಜಾಮ್, ಸ್ಕ್ವಾಷ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಡಬಹುದು. ಜಾಮ್ ಎಂದು ಕರೆಯಬೇಕಾದರೆ ನಿಯಮದ ಪ್ರಕಾರ 65 ಬ್ರಿಕ್ಸ್ ಇರಬೇಕು, ಹಣ್ಣಿನ ಪಾಲು 45 ಶೇಕಡಾ ಇರಬೇಕು. ಆದರೆ ಆ ಕಪಾಟಿನಲ್ಲಿ ದೊಡ್ಡ ಕಂಪನಿಗಳು ಆಗಲೇ ಕೂತಿವೆ. ಅಲ್ಲಿ ಅವರ ಬೆಲೆಗೆ ನಿಮ್ಮಿಂದ ಆಗುವುದಿಲ್ಲ.

ಹಣ್ಣಿನ ಸೊಳೆಯ ಚಿಪ್ಸ್ ಬೇಕೆಂದರೆ ವ್ಯಾಕ್ಯೂಮ್ ಫ್ರೈಯರ್ ಬೇಕು. ಮಾಮೂಲಿ ಬಾಣಲೆಯ ಎಣ್ಣೆ 160-180 ಡಿಗ್ರಿ ಇರುತ್ತದೆ. ಹಣ್ಣಿನ ಸಕ್ಕರೆ ಅಷ್ಟರಲ್ಲಿ ಸುಟ್ಟು ಕಹಿಯಾಗುತ್ತದೆ. ಗಾಳಿ ತೆಗೆದ ಯಂತ್ರದಲ್ಲಿ ನೀರು ಕಡಿಮೆ ಬಿಸಿಗೇ ಆವಿಯಾಗುವುದರಿಂದ ಎಣ್ಣೆ 100 ಡಿಗ್ರಿ ಆಸುಪಾಸು ಇದ್ದರೆ ಸಾಕು. ಹಾಗಾಗಿ ಬಣ್ಣ, ಪರಿಮಳ ಉಳಿಯುತ್ತದೆ. ಯಂತ್ರ ದುಬಾರಿ. ಒಬ್ಬೊಬ್ಬರೇ ಕೊಳ್ಳುವಂಥದ್ದಲ್ಲ, ರೈತರ ಕಂಪನಿಯೋ ಸಂಘವೋ ಕೊಳ್ಳುವಂಥದ್ದು. ಅದೂ ಹಲಸಿನ ಜೊತೆ ಬಾಳೆಹಣ್ಣು, ಅನಾನಸು ಹಾಕಿ ವರ್ಷವಿಡೀ ಓಡಿಸುವುದಾದರೆ ಮಾತ್ರ.

ನಾಲ್ಕನೆಯದು: ಬೇಳೆ

ಹಲಸಿನ ಬೇಳೆ ಬಹಳ ದಿನ ಕಾಯುವುದಿಲ್ಲ. ಒಂದೋ ಮೊಳಕೆ ಬರುತ್ತದೆ, ಇಲ್ಲವೇ ಬೂಸ್ಟು. ಕೆಮ್ಮಣ್ಣು ಮೆತ್ತಿ ಇಡುವ ಹಳೆಯ ರೂಢಿ ಮನೆಗೆ ಸರಿ, ಮಾರಾಟಕ್ಕೆ ಬೇಡ. ಬಿಡಿಸಿದ ಎರಡು-ಮೂರು ದಿನದಲ್ಲೇ ಕೆಲಸ ಮುಗಿಸಿ.

ತೊಳೆದು, ಹತ್ತು ಹದಿನೈದು ನಿಮಿಷ ಬೇಯಿಸಿ, ಹೊರಗಿನ ಬಿಳಿ ಸಿಪ್ಪೆ ತೆಗೆಯಿರಿ. ಹಸಿ ಬೇಳೆಯಲ್ಲಿ ಪ್ರೋಟೀನ್ ಜೀರ್ಣವಾಗುವುದಕ್ಕೆ ಅಡ್ಡಿ ಮಾಡುವ ಅಂಶವಿದೆ, ಬಿಸಿಗೆ ಅದು ಕುಗ್ಗುತ್ತದೆ. ಹಾಗಾಗಿ ಬೇಯಿಸದೆ ಒಣಗಿಸಿ ಪುಡಿ ಮಾಡುವ ಅವಸರ ಬೇಡ. ಒಳಗಿನ ಕಂದು ಪೊರೆ ಇದ್ದರೆ ಹಿಟ್ಟು ಸ್ವಲ್ಪ ಕಂದಾಗುತ್ತದೆ, ಅಷ್ಟೇ. ಬಿಸ್ಕತ್ತಿಗೆ ಅದೇನೂ ತೊಂದರೆಯಲ್ಲ. ತೆಳ್ಳಗೆ ಹೆಚ್ಚಿ, 60 ಡಿಗ್ರಿಯಲ್ಲಿ ಒಣಗಿಸಿ, ಬೀಸಿ, ಜರಡಿ ಹಿಡಿಯಿರಿ.

ಬಿಸ್ಕತ್ತಿನಲ್ಲಿ ಮೈದಾ ಅಥವಾ ಗೋಧಿಯ ಕಾಲು ಭಾಗದವರೆಗೆ ಈ ಹಿಟ್ಟು ಹಾಕಬಹುದು. ಚಟ್ನಿಪುಡಿಗೆ, ಹುರಿದು ಉಂಡೆಗೆ, ರಾಗಿ ಮಾಲ್ಟ್ ಜೊತೆಗೂ ಹೊಂದುತ್ತದೆ. ಹೆಸರಘಟ್ಟದ ಸಂಸ್ಥೆಯವರು ಬೇಳೆಪುಡಿಯ ಬಿಸ್ಕತ್ತು, ಚಾಕೊಲೇಟ್ ಮಾಡುವ ವಿಧಾನ ರೂಪಿಸಿದ್ದಾರೆ. ಬೇಳೆಯನ್ನು ಹುದುಗು ಬರಿಸಿ ಹುರಿದರೆ ಚಾಕೊಲೇಟಿನಂಥ ಪರಿಮಳ ಬರುತ್ತದೆ ಎಂದು ಬ್ರೆಜಿಲ್‌ನ ಸಾವ್ ಪಾಲೋ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದರು. ಆಸಕ್ತಿ ಇದ್ದವರು ಚಿಕ್ಕ ಪ್ರಮಾಣದಲ್ಲಿ ಪ್ರಯತ್ನಿಸಬಹುದು. ವ್ಯಾಪಾರ ನೆಲೆ ನಿಂತ ಮೇಲೆ ಮಾಡುವ ಕೆಲಸ ಅದು, ಶುರುವಿನದ್ದಲ್ಲ.

ಮಾರುವ ಮುನ್ನ ಪರೀಕ್ಷೆ

ಒಂದೇ ಒಂದು ಉತ್ಪನ್ನ ಆರಿಸಿ. ಹನ್ನೆರಡು ಬಗೆ ಮಾಡಿ ಮೇಳದಲ್ಲಿ ಸಾಲಾಗಿ ಇಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ವ್ಯಾಪಾರ ಆಗುವುದಿಲ್ಲ.

ಮಾಡಿದ್ದನ್ನು ಮಾರುವ ಪ್ಯಾಕೆಟ್‌ನಲ್ಲೇ ಹತ್ತಿಪ್ಪತ್ತು ತುಂಬಿ ಇಡಿ. ಹದಿನೈದು ದಿನಕ್ಕೊಂದು ಒಡೆದು ನೋಡಿ. ಗರಿಗರಿ ಇದೆಯೇ, ಎಣ್ಣೆ ಕಮಟು ಬಂದಿದೆಯೇ, ಬಣ್ಣ ಏನಾಯಿತು, ಬರೆದಿಡಿ. ಈ ಪರೀಕ್ಷೆ ಮಳೆಗಾಲದಲ್ಲಿ, ಮಲೆನಾಡಿನ ಒಂದು ಸಾಧಾರಣ ಕೋಣೆಯಲ್ಲಿ ನಡೆಯಲಿ. ಜುಲೈಯ ಆಗುಂಬೆಯ ಥಂಡಿಯಲ್ಲಿ ಗರಿಗರಿ ಉಳಿದ ಚಿಪ್ಸ್ ಬಳ್ಳಾರಿಯಲ್ಲಿ ಹಾಳಾಗುವುದಿಲ್ಲ. ಕರಿದ ತಿಂಡಿಗೆ ಅಲ್ಯೂಮಿನಿಯಂ ಪದರದ ಪ್ಯಾಕೆಟ್, ಒಳಗೆ ಸಾರಜನಕ ತುಂಬಿದರೆ ಕಮಟು ತಡವಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ತಿಂಡಿ ಚೆಂದ ಕಾಣುತ್ತದೆ, ಬೆಳಕು ಬಿದ್ದು ಬೇಗ ಕೆಡುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸಬೇಡಿ. ಒಟ್ಟು ಧ್ರುವೀಯ ಅಂಶ (ಎಣ್ಣೆ ಕಾಯಿಸಿದಷ್ಟೂ ಅದರಲ್ಲಿ ಹೆಚ್ಚುವ ಕೆಟ್ಟ ಅಂಶ) ಶೇ 25 ದಾಟಿದ ಎಣ್ಣೆ ಬಳಸುವಂತಿಲ್ಲ ಎಂಬ ನಿಯಮ 2018ರಿಂದಲೇ ಇದೆ.

ರುಚಿ ನೋಡಿಸುವುದು ನೆಂಟರಿಗಲ್ಲ. ಅವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಗುರುತಿಲ್ಲದವರಿಗೆ ಪೂರ್ತಿ ಬೆಲೆಗೆ ಮಾರಿ, ಅವರು ಎರಡನೇ ಸಲ ಬಂದರೋ ಇಲ್ಲವೋ ನೋಡಿ.

ಕಾಗದಪತ್ರ, ಲೇಬಲ್

ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಕಡ್ಡಾಯ. ಚಿಕ್ಕ ವಹಿವಾಟಿಗೆ ನೋಂದಣಿ, ದೊಡ್ಡದಕ್ಕೆ ಲೈಸೆನ್ಸ್. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ ಮೇಲೆ ಇರಬೇಕು. ಜೊತೆಗೆ ಬಳಸಿದ ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿ, ಪೌಷ್ಟಿಕಾಂಶದ ವಿವರ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟರೊಳಗೆ ಬಳಸಬೇಕು, ಬ್ಯಾಚ್ ನಂಬರ್, ವಿಳಾಸ, ಹಸಿರು ಚುಕ್ಕೆ. ಬ್ಯಾಚ್ ನಂಬರ್ ನಿಮ್ಮ ಮರದ ನಂಬರ್‌ವರೆಗೆ ಹಿಂದಕ್ಕೆ ಹೋಗುವಂತಿರಲಿ. ದೂರು ಬಂದಾಗ ಒಂದು ಚೀಲ ಎಸೆದರೆ ಸಾಕು, ಇಡೀ ದಾಸ್ತಾನು ಎಸೆಯಬೇಕಿಲ್ಲ.

ಲೇಬಲ್ ಮೇಲೆ 'ಸಕ್ಕರೆ ಕಾಯಿಲೆಗೆ ಮದ್ದು' ಎಂದು ಬರೆಯುವ ಆಸೆ ಬಹಳ ಜನರಿಗೆ. ಹಲಸಿನ ಕಾಯಿಹಿಟ್ಟಿನ ಬಗ್ಗೆ ಅಂಥ ಮಾತು ಎಲ್ಲೆಡೆ ಓಡಾಡುತ್ತಿದೆ. ಆಹಾರದ ಮೇಲೆ ರೋಗ ಗುಣಪಡಿಸುವ ಹೇಳಿಕೆ ಹಾಕುವಂತಿಲ್ಲ. ಮಾತ್ರೆ ನಿಲ್ಲಿಸಿ ನಿಮ್ಮ ಹಿಟ್ಟು ತಿಂದವರಿಗೆ ಏನಾದರೂ ಆದರೆ ಹೊಣೆ ಯಾರು?

ತರಬೇತಿಗೆ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇದೆ, 1950ರಿಂದ ಇದೇ ಕೆಲಸದಲ್ಲಿದೆ. ಹೆಸರಘಟ್ಟ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಿ. ಯಂತ್ರಕ್ಕೆ ಸಹಾಯಧನ ಬೇಕೆಂದರೆ 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆ ಇದೆ. ಪಿಎಂಎಫ್‌ಎಂಇ ಎಂದು ಕೇಳಿದರೆ ಕೃಷಿ ಇಲಾಖೆಯಲ್ಲಿ ಗೊತ್ತಾಗುತ್ತದೆ. ಸಾಲದ ಜೊತೆ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿವರೆಗೆ ನೆರವು ಎಂಬುದು ಅದರ ಮೂಲ ರೂಪ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ, ರಾಜ್ಯದ ಪಾಲು ಎಷ್ಟು ಸೇರುತ್ತದೆ ಎಂದು ಅಲ್ಲೇ ವಿಚಾರಿಸಿ. ಆದರೆ ಸಬ್ಸಿಡಿ ಇದೆ ಎಂದು ಮೊದಲ ವರ್ಷವೇ ಯಂತ್ರ ಕೊಳ್ಳಬೇಡಿ. ಮೊದಲ ಸೀಸನ್ ಬಾಡಿಗೆ ಗೂಡಿನಲ್ಲಿ ನೂರು ಕೆ.ಜಿ. ಒಣಸೊಳೆ ಮಾಡಿ. ಅದನ್ನು ಮುಂದಿನ ಜನವರಿಯೊಳಗೆ ಮಾರಿ ಮುಗಿಸಲು ಆಯಿತೇ ನೋಡಿ. ಆಯಿತೆಂದರೆ ಡ್ರೈಯರ್‌ನ ಕೊಟೇಶನ್ ತರಿಸಿ. ಇಲ್ಲವಾದರೆ ಉಳಿದ ಚೀಲದಿಂದ ಬೇರೆ ಯಾವ ತಿಂಡಿ ಮಾಡಬಹುದೆಂದು ನೋಡಿ. ಒಣಸೊಳೆ ಡ್ರಮ್‌ನಲ್ಲಿ ಭದ್ರವಾಗಿರುತ್ತದೆ, ಅದಕ್ಕೆ ಸಮಯವಿದೆ.